ಆರೋಪಪಟ್ಟಿ, ಆರೋಪ ನಿಗದಿ, ವಿಚಾರಣೆ: ಯಾವುದು ಮೊದಲು?

ಪ್ರಶ್ನೆ: ‘ಪೊಲೀಸರು ಆರೋಪಪಟ್ಟಿ ಸಲ್ಲಿಸಿದರು’ ಎಂದು ಓದಿ ತಿಂಗಳುಗಳಾದ ಮೇಲೆ ‘ನ್ಯಾಯಾಲಯ ಆರೋಪ ನಿಗದಿ ಮಾಡಿತು’ ಎಂದು ಸುದ್ದಿ ಬರುತ್ತದೆ. ಎರಡೂ ಒಂದೇ ಅಲ್ಲವೇ? ಬಂಧಿಸಿದ ದಿನವೇ ‘ವಿಚಾರಣೆ’ ಆರಂಭವಾಗಿತ್ತಲ್ಲ?

ಉತ್ತರ: ಒಂದೇ ಅಲ್ಲ. ಮೊದಲನೆಯದು ಪೊಲೀಸರ ಕೆಲಸ, ಎರಡನೆಯದು ನ್ಯಾಯಾಧೀಶರದು. ಎಫ್‌ಐಆರ್ ದಾಖಲಾದ ಮೇಲೆ ನಡೆಯುವುದು ತನಿಖೆ. ಅದು ಮುಗಿದಾಗ ತನಿಖಾಧಿಕಾರಿ ಕೋರ್ಟಿಗೆ ಕೊಡುವ ಅಂತಿಮ ವರದಿಯೇ ಆರೋಪಪಟ್ಟಿ, ಅಂದರೆ ದೋಷಾರೋಪಣ ಪಟ್ಟಿ. ಸಾಕ್ಷ್ಯ ಸಿಗದಿದ್ದರೆ ನಮ್ಮಲ್ಲಿ ಪ್ರಕರಣ ಮುಚ್ಚಲು ಕೋರುವ ‘ಬಿ ರಿಪೋರ್ಟ್’ ಹಾಕುತ್ತಾರೆ.

ಪಟ್ಟಿ ಬಂದ ಕೂಡಲೇ ಆರೋಪ ನಿಗದಿಯಾಗುವುದಿಲ್ಲ. ಮ್ಯಾಜಿಸ್ಟ್ರೇಟರು ಅದನ್ನು ಪರಿಗಣನೆಗೆ ತೆಗೆದುಕೊಳ್ಳಬೇಕು, ಆರೋಪಿಗೆ ಪ್ರತಿಗಳನ್ನು ಕೊಡಿಸಬೇಕು. ಕೊಲೆಯಂಥ ಪ್ರಕರಣವಾದರೆ ಸೆಷನ್ಸ್ ಕೋರ್ಟಿಗೆ ಒಪ್ಪಿಸಬೇಕು. ಅಲ್ಲಿ ಎರಡೂ ಕಡೆಯ ವಾದ ಕೇಳಿ, ಆಧಾರ ಸಾಲದಿದ್ದರೆ ಆರೋಪಿಯನ್ನು ಪ್ರಕರಣದಿಂದ ಕೈಬಿಡುತ್ತಾರೆ. ಇದ್ದರೆ ಆರೋಪ ನಿಗದಿಪಡಿಸಿ ಓದಿ ಹೇಳಿ, ‘ತಪ್ಪು ಒಪ್ಪಿಕೊಳ್ಳುತ್ತೀರಾ?’ ಎಂದು ಕೇಳುತ್ತಾರೆ. ಒಪ್ಪದಿದ್ದರೆ ಸಾಕ್ಷಿಗಳ ಸರದಿ.

ಹೀಗೆ ಕೈಬಿಟ್ಟದ್ದನ್ನು ‘ಖುಲಾಸೆ’ ಎಂದು ಬರೆಯಬೇಡಿ. ಸಾಕ್ಷ್ಯ ಕೇಳಿದ ಮೇಲಿನ ತೀರ್ಪಿನಲ್ಲಿ ನಿರ್ದೋಷಿ ಎಂದರೆ ಮಾತ್ರ ಖುಲಾಸೆ. ಖುಲಾಸೆಯಾದವರನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಣೆಗೆ ಒಳಪಡಿಸಲಾಗದು. ಕೈಬಿಟ್ಟವರಿಗೆ ಆ ರಕ್ಷಣೆಯಿಲ್ಲ.

‘ಆರೋಪಪಟ್ಟಿ’, ‘ಆರೋಪ ನಿಗದಿ’ ಎಂಬ ಎರಡು ಪದ ಅದಲುಬದಲಾದರೆ ಜಾಮೀನಿನ ಸುದ್ದಿಯೂ ತಪ್ಪುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಂ ಪ್ರಕಾರ 60 ದಿನಗಳಲ್ಲಿ, ಮರಣದಂಡನೆ, ಜೀವಾವಧಿ ಅಥವಾ ಕನಿಷ್ಠ ಹತ್ತು ವರ್ಷದ ಶಿಕ್ಷೆಯ ಅಪರಾಧಗಳಲ್ಲಿ 90 ದಿನಗಳಲ್ಲಿ ತನಿಖೆ ಮುಗಿಯದಿದ್ದರೆ ಬಂಧಿತರಿಗೆ ಜಾಮೀನಿನ ಹಕ್ಕು ಬರುತ್ತದೆ. ಈ ಗಡುವು ಆರೋಪಪಟ್ಟಿಗೆ, ಆರೋಪ ನಿಗದಿಗಲ್ಲ. ‘90 ದಿನವಾದರೂ ಆರೋಪ ನಿಗದಿಯಾಗಿಲ್ಲ, ಹಾಗಾಗಿ ಜಾಮೀನು’ ಎಂದು ಬರೆದರೆ ಕಾನೂನೇ ಬೇರೆಯಾಗುತ್ತದೆ.

ಇನ್ನು ‘ವಿಚಾರಣೆ’. ಠಾಣೆಯಲ್ಲಿ ಪ್ರಶ್ನಿಸುವುದಕ್ಕೂ, ಜಾಮೀನು ಅರ್ಜಿಯ ಕಲಾಪಕ್ಕೂ, ಸಾಕ್ಷ್ಯ ದಾಖಲಿಸುವ ಮುಖ್ಯ ಹಂತಕ್ಕೂ ಇದೊಂದೇ ಪದ ಸಾಲದು. ಠಾಣೆಯದು ತನಿಖೆಯ ಭಾಗ, ಅಲ್ಲಿ ‘ಪ್ರಶ್ನಿಸಿದರು’ ಎಂದರೆ ಸಾಕು. ಆರೋಪ ನಿಗದಿಯ ನಂತರದ್ದಕ್ಕೆ ‘ಪ್ರಕರಣದ ವಿಚಾರಣೆ’ ಎಂದು ಬರೆಯಿರಿ. ‘ವಿಚಾರಣಾಧೀನ ಕೈದಿ’ ಎಂಬುದು ಮಾತ್ರ, ಆರೋಪಪಟ್ಟಿಯೇ ಸಲ್ಲಿಕೆಯಾಗದೆ ಜೈಲಿನಲ್ಲಿರುವವರಿಗೂ ರೂಢಿಯಾಗಿಬಿಟ್ಟಿದೆ. ಅದನ್ನು ಬದಲಿಸುವುದು ಕಷ್ಟ.