ಪದ ಬೇಕು: ಎನರ್ಜಿ ಎಫಿಶಿಯೆಂಟ್, ಸಸ್ಟೈನಬಲ್ ಬಿಲ್ಡಿಂಗ್ (ಬೋರ್ಡಿಗೆ, ಶುಕ್ರವಾರದೊಳಗೆ)

ಎಲ್ಲರಿಗೂ ನಮಸ್ಕಾರ,

ನಾನು ಬೆಂಗಳೂರಿನಲ್ಲಿ ಅನುವಾದದ ಕೆಲಸ ಮಾಡುತ್ತೇನೆ. ಹೊರವರ್ತುಲ ರಸ್ತೆಯ ಒಂದು ಆಫೀಸ್ ಕಟ್ಟಡದವರು ಬೋರ್ಡು ಬರೆಸುತ್ತಿದ್ದಾರೆ. ಲಿಫ್ಟ್ ಪಕ್ಕಕ್ಕೆ ಒಂದು, ಪ್ಯಾನೆಲ್ ರೂಮಿನ ಬಾಗಿಲಿಗೆ ಒಂದು. ಹೆಸರಿನ ಬೋರ್ಡಿನಲ್ಲಿ 60 ಪರ್ಸೆಂಟ್ ಕನ್ನಡ ಇರಬೇಕು ಅನ್ನುವ ತಿದ್ದುಪಡಿ 2024ರಲ್ಲಿ ಬಂದಾಗ ಹೊರಗಿನದನ್ನು ಬದಲಾಯಿಸಿದ್ದರು. ಈಗ ಒಳಗಿನದಕ್ಕೂ ಕನ್ನಡ ಬೇಕು ಅಂತ ಅವರೇ ಕೇಳಿದ್ದಾರೆ. ಕಾನೂನು ಕೇಳದಿದ್ದರೂ ಕೇಳಿದ್ದಾರಲ್ಲ, ಅದಕ್ಕೇ ಇದನ್ನು ಚೆನ್ನಾಗಿ ಮಾಡಿಕೊಡಬೇಕು ಅಂತ ನನಗೆ ಆಸೆ.

ಇಂಗ್ಲಿಷಿನಲ್ಲಿ ಇರುವುದು ಎರಡೇ ಸಾಲು. ಇದು ಎನರ್ಜಿ ಎಫಿಶಿಯೆಂಟ್, ಸಸ್ಟೈನಬಲ್ ಬಿಲ್ಡಿಂಗ್. ಎಸಿ ಸೆಟ್ ಪಾಯಿಂಟ್ 24 ಡಿಗ್ರಿ. ಸಸ್ಟೈನಬಲ್ ಅಂದರೆ ಪರಿಸರಕ್ಕೆ ಹೊರೆಯಾಗದ ಅಂತ, ಸೆಟ್ ಪಾಯಿಂಟ್ ಅಂದರೆ ಎಸಿಯನ್ನು ಇಡಬೇಕಾದ ಡಿಗ್ರಿ. ನಾನು ಮೊದಲು ಬರೆದದ್ದು "ಇದು ಇಂಧನ ದಕ್ಷ, ಸುಸ್ಥಿರ ಕಟ್ಟಡ" ಅಂತ. ಕಳಿಸುವ ಮೊದಲು ಅಲ್ಲಿನ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. ಹಾವೇರಿ ಕಡೆಯವರು, ದಿನಾ ಕನ್ನಡ ಪೇಪರ್ ಓದುವವರು. ಎರಡು ಸಲ ಓದಿದರು. ಆಮೇಲೆ ಪಕ್ಕದ ಕಂಬದ ಮೇಲೆ ಅಂಗೈ ಊರಿ, "ಸುಸ್ಥಿರ ಅಂದ್ರ ಬಿಲ್ಡಿಂಗ್ ಗಟ್ಟಿ ಐತಿ, ಬೀಳಂಗಿಲ್ಲ ಅಂತ ಹೌದಲ್ರೀ ಮೇಡಂ? ಇಂಧನ ಅಂದ್ರ ನಮ್ಮ ಡೀಸೆಲ್ ಜನರೇಟರಿಂದು?" ಅಂತ ಕೇಳಿದರು.

ಅವರು ಓದಿದ್ದು ತಪ್ಪಲ್ಲ, ನಾನು ಬರೆದದ್ದೇ ಹಾಗಿತ್ತು. ಬೋರ್ಡು ಓದುವವರು ಗಾರ್ಡುಗಳು, ಹೌಸ್‌ಕೀಪಿಂಗ್‌ನವರು, ಎಲೆಕ್ಟ್ರಿಷಿಯನ್‌ಗಳು. ಅವರಿಗೆ ತಿಳಿಯುವ ಪದ ಬೇಕು. ಶುಕ್ರವಾರ ಪ್ರಿಂಟಿಗೆ ಹೋಗುತ್ತದೆ. ಇದೇ ಪದಗಳು ಬಾಡಿಗೆ ಕರಾರಿನ ಕನ್ನಡ ಪ್ರತಿಯಲ್ಲೂ ಬರುತ್ತವೆ, ಅದಕ್ಕೆ ಇನ್ನೂ ಟೈಮ್ ಇದೆ.

*

ಮೇಡಂ, ದಕ್ಷ ಪದವನ್ನು ಮಾತ್ರ ಮುಟ್ಟಬೇಡಿ. ದಕ್ಷ್ ಧಾತುವಿಗೆ ಶಕ್ತವಾಗು, ಚುರುಕಾಗು ಅಂತ ಅರ್ಥ. ದಕ್ಷಿಣವೂ ಇದರ ಸಂಬಂಧಿಯೇ. ಬಲಗೈ ಚುರುಕಿನ ಕೈ, ಪೂರ್ವಕ್ಕೆ ಮುಖ ಮಾಡಿ ನಿಂತರೆ ಬಲಕ್ಕೆ ಬರುವ ದಿಕ್ಕು ದಕ್ಷಿಣ. ಪ್ರೌಢಶಾಲೆಯಲ್ಲಿ 30 ವರ್ಷ ವಿಜ್ಞಾನ ಪಾಠ ಮಾಡಿದ್ದೇನೆ, ಯಂತ್ರದ ದಕ್ಷತೆ ಅಂದರೆ ಯಾವ ಹುಡುಗನೂ ತಬ್ಬಿಬ್ಬಾಗಿದ್ದು ನೋಡಿಲ್ಲ.

ತಪ್ಪಿರುವುದು ಇಂಧನದಲ್ಲಿ. ಇಂಧ್ ಅಂದರೆ ಉರಿ. ಇಂಧನ ಅಂದರೆ ಉರಿಸುವ ವಸ್ತು, ಮೂಲದಲ್ಲಿ ಒಲೆಯ ಸೌದೆ. ನಿಮ್ಮ ಎಲೆಕ್ಟ್ರಿಷಿಯನ್‌ಗೆ ಡೀಸೆಲ್ ನೆನಪಾದದ್ದು ಸರಿಯಾಗಿಯೇ ಇದೆ. ಚಾವಣಿಯ ಮೇಲಿನ ಸೋಲಾರ್ ಹಲಗೆಯಲ್ಲಿ ಉರಿಯುವುದು ಏನಿದೆ? ಇಲಾಖೆಯವರು ಇಂಧನ ಇಲಾಖೆ ಅಂತ ಹೆಸರಿಟ್ಟುಕೊಂಡರು, ಎಲ್ಲರೂ ಅದನ್ನೇ ಹಿಡಿದರು. "ಶಕ್ತಿದಕ್ಷ ಕಟ್ಟಡ" ಅನ್ನಿ. ಕಷ್ಟ ಅನ್ನಿಸಿದರೆ "ವಿದ್ಯುತ್ ಮಿತಬಳಕೆಯ ಕಟ್ಟಡ".

(ಮೈಸೂರು)

*

ಕೊಟ್ಟ ಒರೆಗಳಲ್ಲಿ, ಅಂದರೆ ಪದಗಳಲ್ಲಿ, ಕಟ್ಟಡ ಒಂದೇ ನಮ್ಮದು. ಎನರ್ಜಿಗೆ ಕಸುವು ಇದೆ. ಹಳ್ಳಿಗಳಲ್ಲಿ ಇಂದಿಗೂ ಆಡುವ ಮಾತು. "ಕಸುವು ಉಳಿಸುವ ಕಟ್ಟಡ" ಎಂದು ಬರೆಯಿರಿ. ಮಿತಬಳಕೆ ಸಂಸ್ಕೃತಕ್ಕೆ ಕನ್ನಡ ಬೆರೆಸಿದ ಅರಿಸಮಾಸ, ಅದನ್ನು ಬಿಡಿ. ನಮ್ಮ ಒರೆಗಳನ್ನು ನಾವೇ ಬೋರ್ಡಿಗೆ ಏರಿಸದಿದ್ದರೆ ಅವು ಮನೆಯೊಳಗೇ ಸೊರಗಿ ಹೋಗುತ್ತವೆ.

(ಶಿವಮೊಗ್ಗ)

*

ಕಸುವು ನೆಲಕ್ಕೆ ಹೇಳುವ ಮಾತು ರಾಯರೇ. ಹೊಲಕ್ಕೆ ಗೊಬ್ಬರ ಹಾಕದಿದ್ದರೆ ಕಸುವು ಹೋಗುತ್ತದೆ. ಕಸುವು ಉಳಿಸುವ ಕಟ್ಟಡ ಅಂತ ಬರೆದರೆ ನಮ್ಮೂರಿನವರು ಅದನ್ನು ಗೊಬ್ಬರದ ಗೋದಾಮು ಅಂದುಕೊಳ್ಳುತ್ತಾರೆ. ಅರಿಸಮಾಸ ಅಂತ ಪದ ತಳ್ಳುವುದಾದರೆ ಮಂಗಳಾರತಿಯನ್ನೂ ತಳ್ಳಬೇಕಾಗುತ್ತದೆ.

ಕರೆಂಟು ಅಂತ ಬರೆಯೋಕೆ ಯಾಕೆ ಇಷ್ಟು ಸಂಕೋಚ? 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗೆ ತಂತಿ ಎಳೆದರು, 1905ಕ್ಕೆ ಬೆಂಗಳೂರಿನ ಬೀದಿಗೆ ದೀಪ ಬಂತು. ಈ ವಸ್ತು ನಮ್ಮ ನಾಡಿಗೆ ಬಂದು 120 ವರ್ಷ ದಾಟಿತು. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ "ಕರೆಂಟು ಹೋಯ್ತು, ಕರೆಂಟು ಬಂತು" ಅಂತಲೇ ಹೇಳುತ್ತಾ ಬಂದಿದ್ದೇವೆ. ಅಷ್ಟಾದ ಮೇಲೂ ಅದು ಕನ್ನಡವಲ್ಲ ಅಂದರೆ ಒಪ್ಪಲು ನನ್ನಿಂದ ಆಗುವುದಿಲ್ಲ.

(ಧಾರವಾಡ)

*

ಅಣ್ಣಾ, ಜನ ಆಡಿದ್ದೆಲ್ಲ ಸರಿ ಅನ್ನುವುದಾದರೆ ಈ ಚರ್ಚೆಯೇ ಬೇಡ.

(ಶಿವಮೊಗ್ಗ)

*

ಜಗಳದ ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಾನು ಕಟ್ಟಡಗಳ ಎನರ್ಜಿ ಆಡಿಟ್ ಮಾಡುವವನು. ಪದ ಆರಿಸುವ ಮುಂಚೆ ವಸ್ತು ಏನು ಅಂತ ನೋಡೋಣ. ಇಲ್ಲಿ ಉಳಿತಾಯ, ದಕ್ಷತೆ ಎರಡನ್ನೂ ಒಂದೇ ಮಾಡಿಬಿಟ್ಟಿದ್ದೀರಿ. ಯಾರೂ ಇಲ್ಲದ ಮೀಟಿಂಗ್ ರೂಮಿನ ಲೈಟು ಆರಿಸಿದರೆ ಅದು ಉಳಿತಾಯ. 40 ವಾಟ್ ಟ್ಯೂಬ್ ತೆಗೆದು 20 ವಾಟ್ ಎಲ್‌ಇಡಿ ಹಾಕಿ ಮೇಜಿನ ಮೇಲೆ ಅಷ್ಟೇ ಬೆಳಕು ಬೀಳುವ ಹಾಗೆ ಮಾಡಿದರೆ ಅದು ದಕ್ಷತೆ. ಒಂದರಲ್ಲಿ ಬಳಕೆ ನಿಲ್ಲುತ್ತದೆ, ಇನ್ನೊಂದರಲ್ಲಿ ಕೆಲಸ ಅಷ್ಟೇ ಇದ್ದು ಖರ್ಚು ಇಳಿಯುತ್ತದೆ.

ಕಾಯ್ದೆಯ ಹೆಸರಿನಲ್ಲೇ ಈ ಗೊಂದಲ ಇದೆ. 2001ರ ಎನರ್ಜಿ ಕನ್ಸರ್ವೇಶನ್ ಕಾಯ್ದೆ ಸಂರಕ್ಷಣೆಯದ್ದು, ಅದನ್ನು ನೋಡಿಕೊಳ್ಳುವ ಕೇಂದ್ರದ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ ದಕ್ಷತೆಯದ್ದು. ಅದರಡಿ ಕಟ್ಟಡಗಳ ಸಂಹಿತೆ, ಅಂದರೆ ಬಿಲ್ಡಿಂಗ್ ಕೋಡ್, 2007ರಲ್ಲಿ ಬಂತು, 2017ರಲ್ಲಿ ಹೊಸದಾಯಿತು. ಅದು ದೊಡ್ಡ ವಾಣಿಜ್ಯ ಕಟ್ಟಡಗಳಿಗೆ. 2022ರ ತಿದ್ದುಪಡಿಯಲ್ಲಿ ಸಂಹಿತೆಯ ಹೆಸರಿಗೇ ಸಸ್ಟೈನಬಲ್ ಸೇರಿಕೊಂಡಿತು, ಹಾಗಾಗಿ ಮೇಡಂ ಅವರ ಕರಾರಿನಲ್ಲಿ ಆ ಪದ ತಪ್ಪಿಸಲಾಗದು.

ದಕ್ಷತೆಯನ್ನು ಅಳೆಯುವುದು ಸರಳ. 10,000 ಚದರ ಮೀಟರ್ ಕಟ್ಟಡ ವರ್ಷಕ್ಕೆ 15 ಲಕ್ಷ ಯೂನಿಟ್ ಸುಟ್ಟಿತು ಅಂತ ಇಟ್ಟುಕೊಳ್ಳಿ, ಚದರ ಮೀಟರಿಗೆ 150 ಯೂನಿಟ್ ಆಯಿತು. ಈ ಅಂಕಿ ಎಷ್ಟು ಇಳಿಯುತ್ತದೋ ಅಷ್ಟು ಒಳ್ಳೆಯದು. ಇದರಲ್ಲಿ ಜನರೇಟರಿನಿಂದ ಬಂದ ಯೂನಿಟ್ಟೂ ಸೇರುತ್ತದೆ, ಸುಮ್ನೆ ಬೆಸ್ಕಾಂ ಬಿಲ್ಲು ಮಾತ್ರ ಅಲ್ಲ. ಏನೇ ಆದರೂ ಕೊನೆಗೆ ಎಣಿಸುವುದು ಯೂನಿಟ್ಟನ್ನೇ. ಹಾಗಾಗಿ ಬೋರ್ಡಿಗೆ ಕರೆಂಟು ಸಾಕು. ಕರಾರಿಗೆ ಸಾಲದು, ಅಲ್ಲಿ ಕಾಯ್ದೆಯ ಪದವೇ ಬೇಕು.

ಒಂದು ಎಚ್ಚರಿಕೆ. ಸ್ಟಾರ್ ರೇಟಿಂಗ್ ಮಾತು ಬಂದರೆ ದಯವಿಟ್ಟು ಪಂಚತಾರಾ ಅಂತ ಮಾಡಬೇಡಿ, ಹೋಟೆಲ್ ಆಗಿಬಿಡುತ್ತದೆ.

*

ಕಾಸರಗೋಡಿನಿಂದ ಒಂದು ಮಾತು. ನಮಗೆ ದಿನಾ ಎರಡು ಲಿಪಿ. ಮಲಯಾಳದಲ್ಲಿ ಎನರ್ಜಿಗೆ ಊರ್ಜಂ, ಎಫಿಶಿಯೆನ್ಸಿಗೆ ಕಾರ್ಯಕ್ಷಮತೆ. ಕನ್ನಡದಲ್ಲಿ ಕಾರ್ಯಕ್ಷಮತೆ ಅಂದರೆ ಹೆಚ್ಚಾಗಿ ಪರ್ಫಾರ್ಮೆನ್ಸ್. ಪದ ಒಂದೇ, ನಡೆದ ದಾರಿ ಬೇರೆ. ತಮಿಳಿನವರು ಆಟ್ರಲ್ ಅನ್ನುತ್ತಾರೆ. ಹಳಗನ್ನಡದಲ್ಲಿ ನಮಗೂ ಆರ್ಪು ಇತ್ತು. ಆರ್ ಅಂದರೆ ಶಕ್ತವಾಗು. ಬರಲಾರೆ, ಮಾಡಲಾರೆ ಅನ್ನುವಾಗ ಈಗಲೂ ಬಾಯಲ್ಲಿ ಬರುವುದು ಅದೇ ಆರ್. ಮಾಡಲಾಗದ್ದನ್ನು ಹೇಳುವಾಗ ಮಾತ್ರ ಉಳಿದುಕೊಂಡಿತು, ಉಳಿದ ಕಡೆ ಸಂಸ್ಕೃತದ್ದು ಬಂದು ಕೂತಿತು. ನನಗೆ ಇದು ನಿಜಕ್ಕೂ ನೋವಿನ ವಿಷಯ.

ಹಾಗಂತ ಆರ್ಪನ್ನು ಲಿಫ್ಟ್ ಪಕ್ಕ ಹಾಕಿ ಅನ್ನುತ್ತಿಲ್ಲ. ಊರ್ಜೆಯನ್ನು ಮಾತ್ರ ಹಾಕಬೇಡಿ. ಕೇರಳದಲ್ಲಿ ಅದು ಜನರ ಬಾಯಲ್ಲಿದೆ. ನಮ್ಮಲ್ಲಿ ಈಚೆಗೆ ಹಿಂದಿ ಸುತ್ತೋಲೆಗಳ ಬೆನ್ನಿಗೆ ಬರುತ್ತಿದೆ.

*

ಕಾಸರಗೋಡಿನವರ ಮಾತಿಗೆ ನನ್ನದೂ ಒಂದು ಓಟು. ಇಂಗ್ಲಿಷಿನಿಂದ ತಂದರೆ ಬೈಯುತ್ತೀರಿ, ಹಿಂದಿಯ ಮೂಲಕ ಸಂಸ್ಕೃತ ಬಂದರೆ ಕೈಮುಗಿಯುತ್ತೀರಿ. ಸಾಲ ಯಾವ ಅಂಗಡಿಯದ್ದಾದರೂ ಸಾಲವೇ ಅಲ್ವಾ?

(ಧಾರವಾಡ)

*

ಸಾಲವಲ್ಲ. ಸಂಸ್ಕೃತದ ಧಾತು ಗೊತ್ತಿದ್ದರೆ ಹತ್ತು ಹೊಸ ಪದ ಕಟ್ಟಬಹುದು. ದಕ್ಷ, ದಕ್ಷತೆ, ಅದಕ್ಷ, ಸುದಕ್ಷ. ಕರೆಂಟಿನಿಂದ ಕಟ್ಟಿ ತೋರಿಸಿ.

(ಮೈಸೂರು)

*

ಕರೆಂಟು ಕಂಬ. ಕರೆಂಟು ಬಿಲ್ಲು. ಕರೆಂಟು ಕಳ್ಳ. ಕರೆಂಟು ಹೊಡೀತು.

(ಧಾರವಾಡ)

*

ಎಲ್ಲರಿಗೂ ನಮಸ್ಕಾರ, ಮತ್ತೆ ನಾನೇ. ಇವತ್ತು ಗುರುವಾರ.

ಆಡಿಟ್ ಸರ್ ಬಿಡಿಸಿ ಹೇಳಿದ್ದು ನನಗೆ ದಾರಿ ಮಾಡಿಕೊಟ್ಟಿತು. ನಿನ್ನೆ ಮೂರು ಸಾಲು ಬರೆದುಕೊಂಡು ಮತ್ತೆ ಹೋಗಿದ್ದೆ. ಶಕ್ತಿದಕ್ಷ ತೋರಿಸಿದಾಗ ಹೌಸ್‌ಕೀಪಿಂಗ್‌ನ ಅಕ್ಕ ಒಬ್ಬರು, "ಇದು ಬಸ್ಸಿಂದಾ?" ಅಂತ ಕೇಳಿದರು. 2023ರಿಂದ ಫ್ರೀ ಟಿಕೆಟ್ ತೆಗೆದುಕೊಂಡು ಓಡಾಡುವವರಿಗೆ ಶಕ್ತಿ ಅಂದರೆ ಆ ಯೋಜನೆಯೇ ತಾನೇ. ರೇಸ್‌ಕೋರ್ಸ್ ರಸ್ತೆಯಲ್ಲಿರುವ ವಿದ್ಯುತ್ ನಿಗಮದ ಕಚೇರಿ ಶಕ್ತಿ ಭವನ ಅವರಿಗೆ ಹೇಗೆ ನೆನಪಾಗಬೇಕು? ಕಸುವು ಎಲೆಕ್ಟ್ರಿಷಿಯನ್‌ಗೆ ಗೊತ್ತಿತ್ತು. ಅವರೂ ಹೊಲದ್ದೇ ಅಂದರು. ಶಿವಮೊಗ್ಗದವರು ಬೇಸರ ಮಾಡಿಕೊಳ್ಳಬಾರದು, ನಿಮ್ಮ "ಉಳಿಸುವ" ನಾನು ಇಟ್ಟುಕೊಂಡೆ. ಉಳಿತಾಯ ಅಂತ ನಾಮಪದ ಹಾಕಿದರೆ ಓದುವವರಿಗೆ ಬುದ್ಧಿ ಹೇಳಿದ ಹಾಗಿರುತ್ತದೆ. "ಉಳಿಸುವ ಕಟ್ಟಡ" ಅಂದರೆ ಆ ಕೆಲಸ ಕಟ್ಟಡದ್ದು, ಅದರ ಗಾಜು, ಲೈಟು, ಚಿಲ್ಲರ್‌ದು. ಇಂಗ್ಲಿಷಿನ ಎಫಿಶಿಯೆಂಟ್ ಹೇಳುವುದೂ ಅದನ್ನೇ.

ಸುಸ್ಥಿರವನ್ನು ಬೋರ್ಡಿನಿಂದ ಪೂರ್ತಿ ತೆಗೆದೆ. ಬೇರೆ ಕಡೆ ಆ ಪದದ ಮೇಲೆ ನನಗೆ ಸಿಟ್ಟಿಲ್ಲ. ಸುಸ್ಥಿರ ಕೃಷಿ ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಕಟ್ಟಡದ ಪಕ್ಕ ಸ್ಥಿರ ಅನ್ನುವ ಮಾತು ಬಂದರೆ ಓದುವವರ ಕಣ್ಣು ಕಂಬ, ಬಿರುಕು, ಪಾಯದ ಕಡೆ ಹೋಗುತ್ತದೆ. ಬೆಂಗಳೂರಿನಲ್ಲಿ ಕಟ್ಟಡ ಕುಸಿದ ಸುದ್ದಿ ಓದಿದವರಿಗೆ ಅದು ಸುರಕ್ಷತೆಯ ಭರವಸೆಯಾಗಿ ಕೇಳುತ್ತದೆ. ಅಂಥ ಭರವಸೆ ಕೊಡುವ ಹಕ್ಕು ನನಗಿಲ್ಲ, ಆ ಬೋರ್ಡಿಗೂ ಇಲ್ಲ. ಕರಾರಿನಲ್ಲಿ ಸಂಹಿತೆಯ ಹೆಸರು ಬರುವ ಕಡೆ ಸುಸ್ಥಿರ ಇಟ್ಟು, ಮೊದಲ ಪುಟದಲ್ಲೇ ಅದಕ್ಕೆ ಅರ್ಥ ಬರೆಯುತ್ತೇನೆ. ಇಂಧನ ದಕ್ಷತೆಯೂ ಅಲ್ಲಿಯೇ ಇರಲಿ. ಮೈಸೂರಿನ ಮೇಷ್ಟ್ರು ಹೇಳಿದ ಸೌದೆ ನಿಜವೇ, ಆದರೆ ಇಲಾಖೆಯ ಹೆಸರಿಗಿಂತ ಬೇರೆ ಪದ ಹಾಕಿದರೆ ನಾಳೆ ವಕೀಲರು ಇವೆರಡೂ ಬೇರೆ ಅಂತ ವಾದ ಮಾಡಬಹುದು.

ಸೆಟ್ ಪಾಯಿಂಟ್‌ಗೆ ಪದವೇ ಬೇಕಾಗಲಿಲ್ಲ. ಎರಡನೇ ಮಹಡಿಯ ಥರ್ಮೋಸ್ಟಾಟ್ ನೋಡಿದೆ. ಕೆಳಮುಖ ಬಾಣದ ಗುಂಡಿ ಒತ್ತಿ ಒತ್ತಿ ಬಾಣವೇ ಅಳಿಸಿಹೋಗಿದೆ, ಮೇಲಿನದು ಹೊಸದರ ಹಾಗಿದೆ. ಅಲ್ಲಿ ನಿಂತವರಿಗೆ ಬೇಕಾದದ್ದು ಒಂದು ಕ್ರಿಯಾಪದ, ಅಷ್ಟೇ.

ನಾಳೆ ಹೋಗುವುದು ಹೀಗೆ:

ಇದು ಕರೆಂಟು ಉಳಿಸುವ ಕಟ್ಟಡ.
ಎಸಿಯನ್ನು 24 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ.

ಪ್ಯಾನೆಲ್ ರೂಮಿನ ಬಾಗಿಲಿಗೂ ಇದೇ. ಎಲೆಕ್ಟ್ರಿಷಿಯನ್ ಒಂದೇ ಸಲ ಓದಿದರು, ಕಂಬ ಮುಟ್ಟಲಿಲ್ಲ. "ಕರೆಂಟು" ಬದಲು "ವಿದ್ಯುತ್" ಹಾಕಿ ಅಂತ ಮ್ಯಾನೇಜರ್ ಕೇಳುತ್ತಿದ್ದಾರೆ, ಬೋರ್ಡಿಗೆ ಗೌರವ ಇರಲಿ ಅಂತ. ನಾನು ಒಪ್ಪಿಲ್ಲ. ಇದಕ್ಕೆ ಯಾರಾದರೂ ಗಟ್ಟಿ ಕಾರಣ ಕೊಡುವುದಿದ್ದರೆ ಇವತ್ತು ರಾತ್ರಿಯೊಳಗೆ ಬರೆಯಿರಿ.