ಸಹಾಯ ಬೇಕು: ಹಂಚಿನ ಮನೆಯನ್ನು ಕಾಮಿಕ್ಸ್‌ನಲ್ಲಿ ನೈಜವಾಗಿ ಬಿಡಿಸುವ ಬಗ್ಗೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ. ಮಲ್ಪೆ ಬಂದರಿನಲ್ಲಿ ಮೀನು ಮಾರುವ ಮಹಿಳೆಯೊಬ್ಬರ ಒಂದು ದಿನವನ್ನು, ಬೆಳಗಿನ ಹರಾಜಿನಿಂದ ರಾತ್ರಿಯ ಅಡುಗೆಯವರೆಗೆ, ಮಾತು ಕಡಿಮೆ ಇರುವ ಕಪ್ಪುಬಿಳುಪು ಕಾಮಿಕ್ಸ್ ಆಗಿ ಬಿಡಿಸುತ್ತಿದ್ದೇನೆ. ಜಪಾನಿನ ಕಾಮಿಕ್ಸ್ ಕಲಾವಿದ ಜಿರೊ ತಾನಿಗುಚಿ (1947–2017) ಅವರು ಬೀದಿ, ಮರ, ಮನೆಗಳನ್ನು ಅಷ್ಟೊಂದು ನಿಖರವಾಗಿ ಬಿಡಿಸಿ, ಸಂಜೆಯ ನಡಿಗೆಯಂಥ ಸಾಮಾನ್ಯ ಸಂಗತಿಯನ್ನೇ ಕಥೆಯಾಗಿಸಿದ ರೀತಿ ನನಗೆ ದಾರಿ ತೋರಿಸಿದೆ. ನಮ್ಮ ಕರಾವಳಿಯ ದಿನನಿತ್ಯದ ಬದುಕಿಗೂ ಅಂಥ ಗಮನ ಸಲ್ಲಬೇಕೆಂಬುದು ನನ್ನ ಆಸೆ.

ತೊಡಕಿರುವುದು ಹಂಚಿನ ಮಾಡಿನಲ್ಲಿ. ಒಂದೊಂದು ಹಂಚಿಗೂ ಗೆರೆಯೆಳೆದರೆ ಚೌಕಟ್ಟಿನ ಮೇಲ್ಭಾಗವೆಲ್ಲ ಕಪ್ಪಾಗಿ, ಕೆಳಗೆ ಜಗಲಿಯಲ್ಲಿ ಕುಳಿತವರ ಮುಖ ಮಂಕಾಗುತ್ತದೆ. ಗೆರೆ ಬಿಟ್ಟರೆ ಅದು ಮಂಗಳೂರು ಹಂಚೆಂದೇ ಅನಿಸುವುದಿಲ್ಲ. ಅಂಚಿನ ಎರಡು ಸಾಲುಗಳನ್ನಷ್ಟೇ ಪೂರ್ತಿ ಬಿಡಿಸಿ, ಮೇಲಕ್ಕೆ ಹೋದಂತೆ ಗೆರೆಗಳನ್ನು ತುಂಡರಿಸುವುದು ಸರಿಯೇ ಎಂಬುದನ್ನು ಪೆನ್ನು ಮತ್ತು ಶಾಯಿಯಲ್ಲಿ ಅನುಭವವಿರುವವರು ದಯವಿಟ್ಟು ತಿಳಿಸಬೇಕು. ಮಳೆಗಾಲದ ತೇವದಲ್ಲೂ ಶಾಯಿ ಹರಡದ ಕಾಗದ ಉಡುಪಿ ಅಥವಾ ಮಂಗಳೂರಿನಲ್ಲಿ ಎಲ್ಲಿ ಸಿಗುತ್ತದೆಂಬುದೂ ಗೊತ್ತಾದರೆ ಉಪಕಾರವಾಗುತ್ತದೆ.

ಇನ್ನೊಂದು ವಿನಂತಿಯಿದೆ. ಕಟ್ಟಿಗೆ ಒಲೆ ಮತ್ತು ಕಡೆಯುವ ಕಲ್ಲು ಇನ್ನೂ ಬಳಕೆಯಲ್ಲಿರುವ ಅಡುಗೆಮನೆಯಲ್ಲಿ ಕುಳಿತು ಚಿತ್ರಿಸಲು ಉಡುಪಿ ಆಸುಪಾಸಿನವರು ಯಾರಾದರೂ ಅವಕಾಶ ಕೊಡಬಹುದೇ? ಕಡೆಯುವಾಗ ಭುಜದಿಂದ ಅಂಗೈಗೆ ಇಳಿಯುವ ಭಾರ ಫೋಟೊ ನೋಡಿ ಬಿಡಿಸಿದರೆ ಗೆರೆಗೆ ಬರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಬಂದರಿನ ಸ್ಕೆಚ್‌ಗಳನ್ನು ಮೇ ತಿಂಗಳೊಳಗೆ ಮುಗಿಸಿ, ಮನೆಯೊಳಗಿನ ದೃಶ್ಯಗಳನ್ನು ಆ ಅವಧಿಗೆ ಇಟ್ಟುಕೊಂಡಿದ್ದೇನೆ. ಒಪ್ಪಿಗೆಯಿರುವವರು ಇಲ್ಲೇ ಉತ್ತರಿಸಿದರೆ, ಅವರಿಗೆ ಅನುಕೂಲವಾದ ಹೊತ್ತಿಗೆ ಬರುತ್ತೇನೆ.