ಕಾಲ್ಪನಿಕ ಅಮೆರಿಕನ್ ಕಾರ್ ಕಂಪನಿಗೆ ಎಷ್ಟು ಇಂಜಿನ್ ಬೇಕು?

ಪ್ರಶ್ನೆ (ಬೀದರ್):
ಒಂದು ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲಿ ಒಂದು ಅಮೆರಿಕನ್ ಕಾರ್ ಕಂಪನಿ ಇದೆ, ಪೂರ್ತಿ ಕಲ್ಪನೆ. ಕಾಲ 1955ರಿಂದ 1973. ಫೋರ್ಡ್, ಜಿಎಂ (ಜನರಲ್ ಮೋಟರ್ಸ್) ಮುಂದೆ ತೀರಾ ಚಿಕ್ಕದು. ಇಂಜಿನ್‌ಗಳು: 200 ಕ್ಯೂಬಿಕ್ ಇಂಚಿನ ಇನ್‌ಲೈನ್ ಸಿಕ್ಸ್ (ಆರು ಸಿಲಿಂಡರ್ ಒಂದೇ ಸಾಲಿನಲ್ಲಿ), ಆಮೇಲೆ 260, 300, 350, 430ರ ವಿ8ಗಳು (ಎಂಟು ಸಿಲಿಂಡರ್ V ಆಕಾರದ ಎರಡು ಸಾಲಿನಲ್ಲಿ). ಎಲ್ಲಕ್ಕೂ ಬೇರೆ ಬೇರೆ ಬ್ಲಾಕ್, ಅಂದರೆ ಸಿಲಿಂಡರ್‌ಗಳಿರುವ ಇಂಜಿನ್‌ನ ಮುಖ್ಯ ಎರಕ. 350ಕ್ಕೆ 1970ರಲ್ಲಿ 370 ಎಚ್‌ಪಿ, 1972ರಲ್ಲೂ ಅಷ್ಟೇ. ನಂಬುವ ಹಾಗಿದೆಯಾ?

ಉತ್ತರ (ಕಲಬುರಗಿ):
ಹುಮನಾಬಾದ್ ರಸ್ತೆಯಲ್ಲಿ ನನ್ನದು ಇಂಜಿನ್ ಸಿಲಿಂಡರ್ ಕೊರೆಯುವ ಬೋರಿಂಗ್ ಶಾಪ್. ಐದು ಬ್ಲಾಕ್ ಅಂದರೆ ದುಡ್ಡು ಯಾರು ಕೊಡ್ತಾರೆ ತಮ್ಮಾ?

ನನ್ನ ಮಶೀನ್ ಒಂದೊಂದೇ ಸಿಲಿಂಡರ್ ಕೊರೆಯುತ್ತದೆ. ಎಲ್ಲಿ ಬೇಕೋ ಅಲ್ಲಿಗೆ ಸರಿಸಿಕೊಳ್ಳುತ್ತೇನೆ. ಆ ಕಾಲದ ಫ್ಯಾಕ್ಟರಿಯಲ್ಲಿ ಹಾಗಲ್ಲ, ಒಂದು ಸಾಲನ್ನು ಒಟ್ಟಿಗೇ ಕೊರೆಯುತ್ತಿದ್ದರು. ಹಾಗಾಗಿ ಒಂದು ಬೋರ್‌ನ (ಸಿಲಿಂಡರ್ ರಂಧ್ರದ) ನಡುವಿನಿಂದ ಪಕ್ಕದ ಬೋರ್‌ನ ನಡುವಿಗೆ ಇರುವ ಅಂತರವನ್ನು ಸುಲಭವಾಗಿ ಬದಲಿಸಲು ಆಗುತ್ತಿರಲಿಲ್ಲ. ಮೊದಲು ಅದನ್ನು ಗಟ್ಟಿ ಮಾಡಿಕೊಳ್ಳಿ.

ಷೆವ್ರೊಲೆ ಕಂಪನಿಯ ಸ್ಮಾಲ್ ಬ್ಲಾಕ್ ಎಂಬ ವಿ8 ಕುಟುಂಬ ನೋಡ್ರಿ. ಅಂತರ ಯಾವಾಗಲೂ 4.4 ಇಂಚು. 1955ರಲ್ಲಿ ಬೋರ್ (ರಂಧ್ರದ ಅಗಲ) 3.75 ಇಂಚು, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 3 ಇಂಚು, ಎಂಟು ಸಿಲಿಂಡರ್ ಸೇರಿ ಒಟ್ಟು 265 ಕ್ಯೂಬಿಕ್ ಇಂಚು. 1957ರಲ್ಲಿ ಬೋರ್ ಮಾತ್ರ 3.875 ಮಾಡಿದರು, 283 ಆಯಿತು. 1962ರಲ್ಲಿ ಬೋರ್ 4, ಸ್ಟ್ರೋಕ್ 3.25, ಅದು 327. 1967ರಲ್ಲಿ ಅದೇ ಬೋರ್‌ಗೆ 3.48ರ ಸ್ಟ್ರೋಕ್ ಕೊಟ್ಟು 350 ಮಾಡಿದರು. ನಿಮ್ಮ 260, 300, 350 ಮೂರೂ ಒಂದೇ ಕುಟುಂಬಕ್ಕೆ ಬಂದವಲ್ವಾ?

430ನ್ನೂ ಅದರಲ್ಲೇ ತುರುಕಬೇಡಿ. ಷೆವ್ರೊಲೆ ಅದೇ ಕುಟುಂಬದಲ್ಲಿ 1970ರಲ್ಲಿ ತಂದ 400ರಲ್ಲಿ ಬೋರ್ 4.125. ಸಿಲಿಂಡರ್‌ಗಳು ಒಂದಕ್ಕೊಂದು ಅಂಟಿಕೊಂಡವು, ನಡುವೆ ನೀರು ಹರಿಯಲು ಜಾಗವೇ ಇಲ್ಲ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಅಂಥ ಇಂಜಿನ್ ನೆನೆಸಿಕೊಂಡರೇ ಬೆವರು ಬರುತ್ತದೆ. ದೊಡ್ಡ ಬ್ಲಾಕ್ ಬೇಕೇ ಬೇಕೆಂದರೆ ಕಂಪನಿ ನಾಲ್ಕು ಕಾಸು ಕಂಡ ಮೇಲೆ ಇಡಿ. ಪ್ಯಾಕರ್ಡ್ ಎಂಬ ಅಮೆರಿಕನ್ ಕಾರ್ ಕಂಪನಿ 1954ರವರೆಗೆ ಸ್ಟ್ರೇಟ್ ಎಯ್ಟ್ (ಎಂಟು ಸಿಲಿಂಡರ್ ಒಂದೇ ಸಾಲು) ಹಿಡಿದುಕೊಂಡು ಕೂತಿತ್ತು. ವಿ8 ತಂದದ್ದು 1955ಕ್ಕೆ. ಮರುವರ್ಷವೇ ಡೆಟ್ರಾಯ್ಟ್‌ನಲ್ಲಿ ಅದರ ಕಾರು ತಯಾರಿಕೆ ನಿಂತಿತು.

ಉತ್ತರ (ಯಾದಗಿರಿ):
1972ರ ಎಚ್‌ಪಿ ಬದಲಿಸಿ. ಅದಕ್ಕೂ ಮುಂಚೆ ಫ್ಯಾನು, ಏರ್ ಫಿಲ್ಟರ್, ಸೈಲೆನ್ಸರ್ ಇಲ್ಲದ ಬರೀ ಇಂಜಿನ್ ಅಳೆದು ದೊಡ್ಡ ಅಂಕಿ ಬರೆಯುತ್ತಿದ್ದರು. ಆ ವರ್ಷದಿಂದ ಕಾರಿನಲ್ಲಿ ಇರುವ ಹಾಗೆಯೇ ಅಳತೆ. ಷೆವ್ರೊಲೆಯ ಸ್ಪೋರ್ಟ್ಸ್ ಕಾರು ಕಾರ್ವೆಟ್‌ನ 350 ಎಲ್‌ಟಿ-1 ಇಂಜಿನ್ 1970ರಲ್ಲಿ 370 ಎಚ್‌ಪಿ, ಕಂಪ್ರೆಶನ್ (ಸಿಲಿಂಡರ್‌ನಲ್ಲಿ ಮಿಶ್ರಣವನ್ನು ಒತ್ತುವ ಪ್ರಮಾಣ) ಇಳಿಸಿದ ಮೇಲೆ 1971ರಲ್ಲಿ 330, 1972ರ ಕಾಗದದಲ್ಲಿ 255.

ಪ್ರಶ್ನೆ (ಬೀದರ್):
ಸರಿ ಅಣ್ಣಾ. ಹಾಗಾದರೆ ವಿ8ರಿಂದ ಎರಡು ಸಿಲಿಂಡರ್ ತೆಗೆದು ವಿ6 ಮಾಡಿದರೆ ಇನ್ನೂ ಉಳಿತಾಯ ಅಲ್ವಾ?

ಉತ್ತರ (ಕಲಬುರಗಿ):
ಜಿಎಂನ ಬ್ಯೂಕ್ 1962ರಲ್ಲಿ ಅದನ್ನೇ ಮಾಡಿತು, 198 ಕ್ಯೂಬಿಕ್ ಇಂಚು. ಆದರೆ ಎರಡು ಸಾಲುಗಳ ನಡುವೆ 90 ಡಿಗ್ರಿ ಇರುವ ವಿ6, ಫೈರಿಂಗ್ ಸಮ ಇಲ್ಲ (ಸಿಲಿಂಡರ್‌ಗಳು ಸಮ ಅಂತರದಲ್ಲಿ ಉರಿಯುವುದಿಲ್ಲ), ನಡುಗುತ್ತಿತ್ತು. 1967ರಲ್ಲಿ ಅದನ್ನು ತಯಾರಿಸುವ ಮಶೀನ್‌ಗಳನ್ನೇ ಕೈಸರ್ ಜೀಪ್ ಕಂಪನಿಗೆ ಮಾರಿದರು. 1974ರಲ್ಲಿ ಜಿಎಂ ವಾಪಸ್ ಕೊಂಡಿತು, 1977ರಲ್ಲಿ ಕ್ರಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಬದಲಿಸಿ ನಡುಕ ಕಡಿಮೆ ಮಾಡಿತು. ಕೈಯಲ್ಲಿ ಕಾಸಿಲ್ಲದ ಕಂಪನಿಗೆ ಇದು ಚೆನ್ನಾಗಿ ಒಪ್ಪುತ್ತದೆ. ನಾನಾದರೆ ಇನ್‌ಲೈನ್ ಸಿಕ್ಸೇ ಉಳಿಸಿಕೊಳ್ಳುತ್ತೇನೆ. ಅದರ ನಯ ಬೇರೆ. ಬಾನೆಟ್ ಎತ್ತರ ಆಗುತ್ತದೆ ಅನ್ನೋದಾದರೆ ಕ್ರೈಸ್ಲರ್ 1960ರಲ್ಲಿ ಮಾಡಿದ ಹಾಗೆ 30 ಡಿಗ್ರಿ ಓರೆ ಮಾಡಿ ಕೂರಿಸಿ.